ಮುದ್ರಕನ ಮೆಲುದನಿ

"ಗುರುಗಳೇ, ತಪ್ಪು ಮಾಡಿದವನು ಕ್ಷಮೆ ಕೇಳುತ್ತಾನೆ. ಎದುರಿನವರು ಕ್ಷಮಿಸುತ್ತಾರೆ. ಆಮೇಲೂ ಅವನ ಮನಸ್ಸು ಹಗುರಾಗುವುದಿಲ್ಲ. ಕೊರತೆ ಎಲ್ಲಿದೆ? ಕೇಳಿದ್ದರಲ್ಲೋ, ಕ್ಷಮಿಸಿದ್ದರಲ್ಲೋ?"

ಹೀಗೆ ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಉಗ್ರಾಣದ ಬೀಗದ ಕೈ ಯಾವಾಗಲೂ ಅವನ ಸೊಂಟದಲ್ಲಿರುತ್ತಿತ್ತು. ಎರಡು ದಿನದಿಂದ ಅವನು ಪಂಕ್ತಿಯ ಊಟಕ್ಕೆ ಬಂದಿರಲಿಲ್ಲ.

"ಆ ತಪ್ಪು ಮಾಡಿದವನು ಯಾರು?" ಎಂದು ಗುರುಗಳು ಕೇಳಿದರು.

"ಯಾರೂ ಇಲ್ಲ. ಸುಮ್ಮನೆ ಕೇಳಿದೆ."

"ಹಾಗಾದರೆ ಸುಮ್ಮನೆ ಒಂದು ಕತೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮುದ್ರಕನಿದ್ದ. ಅವನ ಹೆಸರು ನಿನಗೆ ಬೇಡ. ಅವನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನ ಹೆಸರನ್ನು ಮಾತ್ರ ಹೇಳುತ್ತೇನೆ. ಅವಳು ನೀಲಾಂಬಿಕೆ. ಈ ಕತೆಯಲ್ಲಿ ಹಾಳಾದದ್ದು ಅವಳ ಹೆಸರು. ಅದನ್ನು ಸರಿಯಾಗಿ ಹೇಳುವ ಕೆಲಸವನ್ನಾದರೂ ನಾನು ಮಾಡಬೇಕು.

ಲಗ್ನಪತ್ರಿಕೆಗಳನ್ನು ಅಚ್ಚು ಹಾಕುವುದು ಮುದ್ರಕನ ಕಸುಬು. ಅಪ್ಪನ ಕಾಲದಲ್ಲಿ ಕಾಲಿನಿಂದ ತುಳಿಯುವ ಕಬ್ಬಿಣದ ಯಂತ್ರವಿತ್ತು. ಮಗನ ಕಾಲಕ್ಕೆ ಲ್ಯಾಪ್‌ಟಾಪ್ ಬಂತು. ಇದು ವ್ಯಾಪಾರದ ಕೆಲಸಕ್ಕೆಂದೇ ಮಾಡಿದ್ದು, ಮನೆಬಳಕೆಯದಕ್ಕಿಂತ ಗಟ್ಟಿ, ಹತ್ತು ವರ್ಷ ಬಾಳುತ್ತದೆ ಎಂದು ಮಾರಿದವನು ಹೇಳಿದ್ದ. ಮುದ್ರಕ ಆ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಅದಕ್ಕೆ ಮಖಮಲ್ಲಿನ ಹೊದಿಕೆ ಹೊಲಿಸಿದ. ಸಂಜೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಯಜಮಾನಿಕೆ ಎಂದರೆ ಬೀಗದ ಕೈ ಇಟ್ಟುಕೊಳ್ಳುವುದು ಎಂದು ತಿಳಿದವರಲ್ಲಿ ಅವನೂ ಒಬ್ಬ.

ಆದರೆ ಅದರಲ್ಲಿ ಒಂದು ಅಕ್ಷರ ಮೂಡಿಸಲೂ ಅವನಿಗೆ ಬರುತ್ತಿರಲಿಲ್ಲ. ಆ ಕೆಲಸವೆಲ್ಲ ಕಬ್ಬಿಣದ ಯಂತ್ರದ ಕಾಲದಿಂದಲೂ ಅಲ್ಲಿದ್ದ ನೀಲಾಂಬಿಕೆಯದು. ವರನ ಹೆಸರು, ವಧುವಿನ ಹೆಸರು, ಹಿರಿಯರ ಹೆಸರು, ಮುಹೂರ್ತ, ಎಲ್ಲವನ್ನೂ ಅವಳೇ ಜೋಡಿಸಬೇಕು. ಒಂದು ಹೆಸರಿನಲ್ಲಿ ಅನುಮಾನ ಬಂದರೂ ಅವಳು ಫೋನು ಮಾಡಿ ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಚಹಾ ಬಂದಾಗ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು ಕುಡಿದು, ಲೋಟವನ್ನು ಅಲ್ಲೇ ಇಟ್ಟು ಬರುತ್ತಿದ್ದಳು. ಮೇಜಿನ ಮೇಲೆ ಲೋಟ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ವರ್ಷಕ್ಕೊಂದು ದಿನ ಮಾತ್ರ ಮುದ್ರಕ ತಾನೇ ಚಾಲೂ ಇದ್ದ ಲ್ಯಾಪ್‌ಟಾಪಿಗೆ ಕೈ ಹಚ್ಚುತ್ತಿದ್ದ. ಅದು ಆಯುಧಪೂಜೆಯ ದಿನ. ಅವನ ಅಪ್ಪ ಕಬ್ಬಿಣದ ಯಂತ್ರದ ಚಕ್ರ ತಿರುಗಿಸಿ, ತಿರುಗುವಾಗಲೇ ಪೂಜೆ ಮಾಡುತ್ತಿದ್ದನಂತೆ. ಮಗನೂ ಹಾಗೆಯೇ ಮಾಡಿದ. ಲ್ಯಾಪ್‌ಟಾಪನ್ನು ಚಾಲೂ ಮಾಡಿಸಿ, ಅರಿಶಿನ ಕುಂಕುಮ ಏರಿಸಿ, ಸೇವಂತಿಗೆ ಇಟ್ಟು, ಅಕ್ಷತೆ ಹಾಕುತ್ತಿದ್ದ. ಪಕ್ಕದಲ್ಲಿ ಬಿಸಿ ಗಾಳಿ ಬರುವ ಸಣ್ಣ ಸೀಳುಗಳಿದ್ದವು. ಯಂತ್ರದ ಉಸಿರು ಅಲ್ಲಿದೆ ಎಂದು ಅಲ್ಲಿಗೆ ಒಂದು ಚಿಟಿಕೆ ಕುಂಕುಮ ಹೆಚ್ಚು. ನೀಲಾಂಬಿಕೆ ಒಂದು ಸಲ, ತಾನೇ ಒಂದು ಬೊಟ್ಟು ಇಟ್ಟು ಮುಗಿಸುತ್ತೇನೆ ಎಂದಳು. ಪೂಜೆ ಯಜಮಾನನ ಹಕ್ಕು ಎಂದು ಅವನು ಅವಳನ್ನು ಪಕ್ಕಕ್ಕೆ ಸರಿಸಿದ.

ನಾಲ್ಕನೆಯ ವರ್ಷ ಲ್ಯಾಪ್‌ಟಾಪ್ ಬಿಸಿಯಾಗತೊಡಗಿತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಒಂದು ಪತ್ರಿಕೆ ತೆರೆಯುವಷ್ಟರಲ್ಲಿ ಗಿರಾಕಿಯ ಊರು, ಕುಲ, ಗೋತ್ರವೆಲ್ಲ ವಿಚಾರಿಸಿ ಮುಗಿಯುತ್ತಿತ್ತು. ನೀಲಾಂಬಿಕೆ ಮೂರು ಸಲ ಹೇಳಿದಳು. ಇದನ್ನು ಬಿಚ್ಚಿ ಒಳಗೆ ಸ್ವಚ್ಛ ಮಾಡಿಸಬೇಕು, ಹಳೆಯ ಡಿಸ್ಕು ತೆಗೆದು ಹೊಸ ಬಗೆಯದನ್ನು ಹಾಕಿಸಬೇಕು, ಮೆಮೊರಿ ಹೆಚ್ಚಿಸಬೇಕು ಎಂದಳು. ಬಿಚ್ಚಿದರೆ ಕೆಡುತ್ತದೆ ಎಂದು ಅವನು ಒಪ್ಪಲಿಲ್ಲ. ತಾನೇ ಉಪಾಯ ಮಾಡಿದ. ಟೇಬಲ್ ಫ್ಯಾನಿನ ಮುಂದೆ ಇಟ್ಟ. ಆರಿಸಿ ಹೊತ್ತಿಸಿ ನೋಡಿದ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದ. ಕೊನೆಗೆ ಒಂದು ನಿಂಬೆಹಣ್ಣನ್ನೂ ಕಟ್ಟಿದ. ಯಂತ್ರ ಸರಿಯಾಗಿಯೇ ಇದೆ, ಕೂರುವವರ ಕೈಗುಣ ಸರಿಯಿಲ್ಲ ಎಂದು ಆಗಾಗ ಅನ್ನುತ್ತಿದ್ದ. ನೀಲಾಂಬಿಕೆ ಕೇಳಿಯೂ ಕೇಳದವಳ ಹಾಗೆ ಕೆಲಸ ಮಾಡುತ್ತಿದ್ದಳು.

ಮದುವೆಯ ಕಾಲ. ಒಂದು ದಿನ ಹೆಣ್ಣಿನ ಕಡೆಯವರು ಪತ್ರಿಕೆಯ ಕರಡು ನೋಡಲು ಬಂದರು. ದೊಡ್ಡ ಮನೆತನ. ಎಂಟು ಜನ ಬಂದು ಕುಳಿತರು. ನೀಲಾಂಬಿಕೆಯಲ್ಲದೆ ಅಂಗಡಿಯ ಕೆಲಸದವರು ಇನ್ನೂ ಮೂವರಿದ್ದರು. ನೀಲಾಂಬಿಕೆ ಪತ್ರಿಕೆ ತೆರೆಯುತ್ತಿದ್ದ ಹಾಗೆಯೇ ಪರದೆ ಕಪ್ಪಾಯಿತು. ಮತ್ತೆ ಹೊತ್ತಲಿಲ್ಲ. ಬಂದವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು, ಬಸ್‌ಸ್ಟ್ಯಾಂಡಿನ ಹತ್ತಿರ ಬೇರೆ ಪ್ರೆಸ್ ಇದೆಯಂತೆ ಎಂದರು.

ಆ ಮಾತಿಗೆ ಮುದ್ರಕನ ತಲೆ ಕೆಟ್ಟಿತು. ಲ್ಯಾಪ್‌ಟಾಪಿನ ಮೇಲೆ ಬಾಗಿ ನೋಡಿದ. ಕೀಲಿಮಣೆಯ ಸಂದಿನಲ್ಲಿ ಕೆಂಪು ಮಿಶ್ರಿತ ಕಂದು ಕಲೆಯಿತ್ತು. ಕಿಟಕಿಯಲ್ಲಿ ಅವಳ ಚಹಾ ಲೋಟವಿತ್ತು. ಕಲೆಗೂ ಲೋಟಕ್ಕೂ ನಡುವೆ ಇದ್ದ ಆರು ಹೆಜ್ಜೆ ಅವನ ಕಣ್ಣಿಗೆ ಬೀಳಲಿಲ್ಲ. ಇದರ ಮೇಲೆ ಚಹಾ ಚೆಲ್ಲಿ, ಒರೆಸಿ, ಏನೂ ಅರಿಯದವಳ ಹಾಗೆ ಕೂತಿದ್ದೀಯಾ ಎಂದು ಕೂಗಾಡಿದ. ಅವನ ದನಿ ದೊಡ್ಡದು. ಯಂತ್ರಗಳ ಸದ್ದಿನ ನಡುವೆ ಬೆಳೆದವನು.

ನೀಲಾಂಬಿಕೆ ಎದ್ದು ನಿಂತು, "ಇಲ್ಲ ಯಜಮಾನ್ರೆ, ನಾನು ಚೆಲ್ಲಿಲ್ಲ," ಎಂದಳು.

"ಮೆಷಿನ್ನು ಹೋದ್ರೆ ಹೋಗ್ಲಿ. ಸುಳ್ಳು ಹೇಳೋರು ನನ್ನ ಅಂಗಡೀಲಿ ಬೇಡ."

ಅವಳು ಕಿಟಕಿಗೆ ಹೋಗಿ ಲೋಟ ತೆಗೆದುಕೊಂಡಳು. ನಲ್ಲಿಯಲ್ಲಿ ತೊಳೆದು, ಕಪಾಟಿನಲ್ಲಿ ಬೋರಲು ಇಟ್ಟಳು. ಚೀಲ ಹೆಗಲಿಗೆ ಹಾಕಿಕೊಂಡು, ಹನ್ನೊಂದು ಜನರ ಮುಂದೆ ಹಾದು ಹೊರಗೆ ಹೋದಳು.

ಊರು ಸಣ್ಣದು. ಮಾತು ಅವಳಿಗಿಂತ ಮೊದಲು ಎಲ್ಲ ಕಡೆ ಹೋಯಿತು. ಬಸ್‌ಸ್ಟ್ಯಾಂಡಿನ ಪ್ರೆಸ್ಸಿನವನು, ಈಗ ಕೆಲಸವಿಲ್ಲ ಎಂದ. ಇನ್ನೊಂದು ಕಡೆ, ನಮ್ಮ ಯಂತ್ರವೂ ಹೊಸದಮ್ಮಾ ಎಂದು ನಕ್ಕರು. ಚಹಾ ಚೆಲ್ಲಿ ಸುಳ್ಳು ಹೇಳಿದವಳು ಎಂಬುದೇ ಅವಳ ಗುರುತಾಯಿತು. ಹದಿಮೂರು ವರ್ಷ ಊರಿನ ಜನರ ಹೆಸರುಗಳನ್ನು ತಪ್ಪಿಲ್ಲದೆ ಬರೆದವಳು ಮನೆಯಲ್ಲಿ ಕುಳಿತಳು.

ಮುದ್ರಕ ಲ್ಯಾಪ್‌ಟಾಪನ್ನು ಪಕ್ಕದ ಊರಿನ ರಿಪೇರಿಯವನ ಹತ್ತಿರ ಒಯ್ದು, ಚಹಾ ಬಿದ್ದಿದೆ ಎಂದ. ರಿಪೇರಿಯವನು ಒಂದು ಹಳೆಯ ವೃತ್ತಪತ್ರಿಕೆ ಹಾಸಿ, ಅದರ ಮೇಲೆ ಲ್ಯಾಪ್‌ಟಾಪನ್ನು ಕವುಚಿ, ಸ್ಕ್ರೂ ಬಿಚ್ಚಿ ಹಿಂಬದಿಯ ಮುಚ್ಚಳ ತೆಗೆದ. ಬ್ರಷ್ಷಿನಿಂದ ಮೆಲ್ಲಗೆ ಕೆರೆದ. ಹಾಸಿದ ಕಾಗದದ ಮೇಲೆ ಮೊದಲು ಕೆಂಪು ಪುಡಿ ಬಿತ್ತು. ಆಮೇಲೆ ಹಳದಿ ಪುಡಿ. ಫ್ಯಾನಿನ ರೆಕ್ಕೆಯ ಸಂದಿನಿಂದ ಎರಡು ಅಕ್ಕಿ ಕಾಳು ಬಂದವು. ಕೊನೆಗೆ ಒಂದು ಒಣಗಿದ ಸೇವಂತಿಗೆಯ ಎಸಳು.

"ಚಹಾ ಎಲ್ಲೂ ಬಿದ್ದಿಲ್ಲ ಸಾರ್. ಇದು ಕುಂಕುಮ. ಪೂಜೆ ಯಾರು ಮಾಡೋದು?" ಎಂದು ರಿಪೇರಿಯವನು ಕೇಳಿದ.

ಮುದ್ರಕ ಬಾಗಿ ನೋಡಿದ. ಕಾಗದದ ಮೇಲಿದ್ದುದೆಲ್ಲ ಅವನ ಕೈಯಿಂದಲೇ ಬಿದ್ದದ್ದು. ಕೀಲಿಮಣೆಯ ಸಂದಿನ ಕಲೆಯೂ ಅವನದೇ, ಕುಂಕುಮದ ಮೇಲೆ ಒದ್ದೆ ಬಟ್ಟೆ ಆಡಿಸಿದವನು ಅವನೇ. ಆ ಅಂಗಡಿಯಲ್ಲಿ ಅವನ ಊರಿನವರು ಒಬ್ಬರೂ ಇರಲಿಲ್ಲ. ಆದರೂ ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ, ಈ ವಿಷಯ ಯಾರಿಗೂ ಹೇಳಬೇಡಿ ಎಂದು ರಿಪೇರಿಯವನನ್ನು ಬೇಡಿಕೊಂಡ. ನಿಮ್ಮ ಊರಿನಲ್ಲಿ ನನಗೆ ಗೊತ್ತಿರುವವರು ನೀವೊಬ್ಬರೇ ಎಂದು ರಿಪೇರಿಯವನು ಕಾಗದವನ್ನು ಮಡಚಿ ಬುಟ್ಟಿಗೆ ಹಾಕಿದ.

ಫ್ಯಾನು ಹೊಸದಾಯಿತು. ಡಿಸ್ಕು ಹೊಸದಾಯಿತು, ಹಳೆಯದರಲ್ಲಿದ್ದುದೆಲ್ಲ ಅದಕ್ಕೆ ಬಂತು. ಮೆಮೊರಿ ಎರಡು ಪಟ್ಟಾಯಿತು. ನೀಲಾಂಬಿಕೆ ಮೂರು ಸಲ ಕೇಳಿದ್ದನ್ನೆಲ್ಲ ಅವನು ಒಂದೇ ಮಾತಿಗೆ ಒಪ್ಪಿಕೊಂಡ. ಲ್ಯಾಪ್‌ಟಾಪ್ ಈಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊತ್ತಿಕೊಳ್ಳುತ್ತಿತ್ತು. ಹೊತ್ತಿದ ಪರದೆಯ ಮೇಲೆ ಅವಳು ಮಾಡಿಟ್ಟಿದ್ದ ಒಂದು ಪಟ್ಟಿ ಇತ್ತು. ಇನ್ನೊಮ್ಮೆ ಕೇಳಿ ಸರಿಪಡಿಸಬೇಕಾದ ಹೆಸರುಗಳು ಎಂದು ಮೇಲೆ ಬರೆದಿತ್ತು. ಅವನು ಅದನ್ನು ಪೂರ್ತಿ ಓದಲಾರದೆ ಮುಚ್ಚಳ ಹಾಕಿದ. ಕಪಾಟಿನಲ್ಲಿ ಆ ಲೋಟ ಬೋರಲು ಇದ್ದ ಹಾಗೆಯೇ ಇತ್ತು. ಅದರಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ತೆಗೆದು ಬಿಸಾಡಲು ಅವನಿಗೆ ಕೈ ಬರಲಿಲ್ಲ.

ಕೊನೆಗೆ ಅವನು ಅವಳ ಮನೆಗೆ ಹೋದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂರುವ ಹೊತ್ತು ನೋಡಿ ಹೋದ. ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳು ಚಾಪೆ ಹಾಸಿ, ನೀರು ಕೊಟ್ಟಳು. ಅವನು ಎಲ್ಲವನ್ನೂ ಹೇಳಿದ. ಕುಂಕುಮ ಹೇಳಿದ, ಅಕ್ಷತೆ ಹೇಳಿದ, ಒದ್ದೆ ಬಟ್ಟೆಯನ್ನೂ ಬಿಡಲಿಲ್ಲ. ತಪ್ಪು ನನ್ನದು, ಹೊಟ್ಟೆಗೆ ಹಾಕಿಕೋ, ನಾಳೆಯಿಂದ ಕೆಲಸಕ್ಕೆ ಬಾ ಎಂದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ, ನಾನು ಅದನ್ನು ಹಗುರ ಮಾಡುವುದಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಅವಳು ಹೇಳಿದಳು. ಅದೂ ನಿಜವೇ.

ಅವನು ಎದ್ದು ಹೊಸಿಲು ದಾಟುವಾಗ ಅವಳು ಒಂದು ಮಾತು ಕೇಳಿದಳು. "ಯಜಮಾನ್ರೆ, ಇಷ್ಟು ಮೆತ್ತಗೆ ಯಾಕೆ ಮಾತಾಡ್ತಿದ್ದೀರಿ? ಅವತ್ತು ನಿಮ್ಮ ಮಾತು ರಸ್ತೆಗೆ ಕೇಳಿಸ್ತಿತ್ತು."

ಅವನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟ.

ಅವಳು ಕೆಲಸಕ್ಕೆ ಬರಲಿಲ್ಲ. ಅವನು ದೊಡ್ಡ ಪರದೆ ತರಿಸಿದ, ಬೆನ್ನಿಗೆ ಆಸರೆಯಿರುವ ಕುರ್ಚಿ ತರಿಸಿದ, ನಿನಗಾಗಿಯೇ ತಂದದ್ದು ಎಂದು ಹೇಳಿ ಕಳಿಸಿದ. ಮರುವರ್ಷ ಇನ್ನೂ ಚುರುಕಾದ ಹೊಸ ಲ್ಯಾಪ್‌ಟಾಪನ್ನೇ ಕೊಂಡ. ಕುರ್ಚಿ ಖಾಲಿಯೇ ಉಳಿಯಿತು. ಅವಳ ಬೀದಿ ತಪ್ಪಿಸಲು ಈಗ ಅವನು ಊರು ಸುತ್ತಿ ಅಂಗಡಿಗೆ ಹೋಗುತ್ತಾನೆ. ನಮ್ಮ ಮಠದ ಕರಪತ್ರ ಮುದ್ರಿಸಿ ತಂದಾಗ ಈ ಕತೆಯನ್ನು ನನಗೆ ಹೇಳಿದ್ದು ಅವನೇ. ಕೂತವರನ್ನೆಲ್ಲ ಹೊರಗೆ ಕಳಿಸಿ ಎಂದು ಕೇಳಿಕೊಂಡ. ಇಲ್ಲಿಯೂ ಮೆಲ್ಲಗೇ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಮುದ್ರಕ ಎಡವಿದ್ದು ಎಲ್ಲಿ ಎಂಬುದು ತನಗೆ ತಿಳಿಯಿತು ಎಂದ. ಅವನು ಆ ಎಂಟು ಜನರನ್ನೂ ಮೂವರು ಕೆಲಸದವರನ್ನೂ ಕರೆದು, ಅವರ ಎದುರಿಗೆ ಹೇಳಬೇಕಿತ್ತು ಎಂದ. ಇಷ್ಟು ಸಣ್ಣ ಮಾತು ಅವನಿಗೆ ಹೇಗೆ ಹೊಳೆಯಲಿಲ್ಲವೋ ಎಂದೂ ಸೇರಿಸಿದ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಪ್ರಸಾದ ನಿಲಯದ ಕಡೆ ಜನ ಹೋಗುತ್ತಿದ್ದರು. ಶಿಷ್ಯ ಏಳಲಿಲ್ಲ.

ಗುರುಗಳು ಎದ್ದು ಶಲ್ಯ ಹೊದ್ದುಕೊಂಡು ಕೇಳಿದರು: "ಕಳುವಾಯಿತೆಂದಿದ್ದ ಉಗ್ರಾಣದ ಬೀಗದ ಕೈ ನಿನ್ನ ಚೀಲದಲ್ಲೇ ಸಿಕ್ಕಿತೆಂದು ಅಡುಗೆಯ ಚೆನ್ನಮಲ್ಲಪ್ಪನ ಕಿವಿಯಲ್ಲಿ ಹೇಳಿದೆಯಂತೆ. ಅದಕ್ಕೆ ಮೊದಲು ನೀನು ಅವನನ್ನು ಕಳ್ಳನೆಂದ ದಿನ ಪಂಕ್ತಿಯಲ್ಲಿ ಎಷ್ಟು ಜನ ಕುಳಿತಿದ್ದರು?"