ಮರದ ಅಚ್ಚು, ಉಕ್ಕಿನ ಅಚ್ಚು

"ಗುರುಗಳೇ, ಬರುವ ತಿಂಗಳು ಶಾಲೆ ತೆರೆಯುತ್ತಿದ್ದೇನೆ. ಎಲ್ಲ ಮಕ್ಕಳಿಗೂ ಒಪ್ಪುವಂಥ, ಮುಂದೆಂದೂ ಬದಲಿಸಬೇಕಾಗದಂಥ ಒಂದು ಪಾಠಕ್ರಮ ಹಾಕಿಕೊಡುತ್ತೀರಾ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ನಕ್ಕರು. "ನಿನ್ನ ಅವಸರ ನೋಡಿದರೆ ನನಗೊಬ್ಬ ವ್ಯಾಪಾರಿ ನೆನಪಾಗುತ್ತಾನೆ" ಎಂದು ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ನಡೆಯಲಾರದ ಮಕ್ಕಳಿಗೆ ಗಾಲಿಕುರ್ಚಿ ಮಾಡಿಸಲು ಹೊರಟ. ಮನಸ್ಸು ಒಳ್ಳೆಯದೇ, ತಾಳ್ಮೆ ಮಾತ್ರ ಚೂರೂ ಇರಲಿಲ್ಲ. ಕುರ್ಚಿಯ ಪ್ಲಾಸ್ಟಿಕ್ ಆಸನದ ಚಿತ್ರ ಹಿಡಿದು ಒಬ್ಬ ಕಾರ್ಖಾನೆಯವನ ಬಳಿ ಬಂದ. ಅಲ್ಲಿ ಕರಗಿದ ಪ್ಲಾಸ್ಟಿಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ತುಂಬುವ ಯಂತ್ರವಿತ್ತು. ಅಚ್ಚು ಒಮ್ಮೆ ಸಿದ್ಧವಾದರೆ ಸಾವಿರಾರು ಆಸನಗಳು ಒಂದೇ ಸಮ ಬರುತ್ತಿದ್ದವು. ಆದರೆ ಕೊರೆದ ಉಕ್ಕನ್ನು ತಿದ್ದುವುದು ಸುಲಭವಲ್ಲ.

ಆಗ ಆ ಯಂತ್ರ ಕೆಲಸವಿಲ್ಲದೆ ನಿಂತಿತ್ತು. ಈ ಕೆಲಸವೂ ಕೈತಪ್ಪಿದರೆ ಕೆಲಸಗಾರರನ್ನು ಮನೆಗೆ ಕಳುಹಿಸಬೇಕಾಗಿತ್ತು. ಕಾರ್ಖಾನೆಯವನು ಚಿತ್ರವನ್ನು ಬಹಳ ಹೊತ್ತು ನೋಡಿದ.

"ಈ ಆಕಾರದಲ್ಲಿ ಯಾವ ಮಗುವನ್ನು ಕೂರಿಸಿ ನೋಡಿದ್ದೀರಿ ಸ್ವಾಮಿ?"

"ಇನ್ನೂ ಯಾರನ್ನೂ ಇಲ್ಲ. ಮೊದಲು ಆಸನ ಆಗಲಿ, ಆಮೇಲೆ ಕೂರುತ್ತಾರೆ."

"ಹಾಗಾದರೆ ಇದು ಸದ್ಯಕ್ಕೆ ನನ್ನ ಕೆಲಸವಲ್ಲ. ಎದುರಿನ ಶೆಡ್ಡಿಗೆ ಹೋಗಿ. ಅವರದು ಮರದ ಅಚ್ಚು, ಬೇಕಾದಷ್ಟು ಸಲ ತಿದ್ದಬಹುದು."

ಎದುರಿನವನಿಗೂ ಇವನಿಗೂ ಮೊದಲಿನಿಂದ ಪೈಪೋಟಿ. ಅವನು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮರದ ಅಚ್ಚಿನ ಮೇಲೆ ಹಾಸುತ್ತಿದ್ದ. ಅಡಿಯಿಂದ ಗಾಳಿ ಎಳೆದರೆ ಮೆತ್ತಗಾದ ಹಾಳೆ ಅಚ್ಚಿಗೆ ಅಂಟಿಕೊಂಡು ಅದರ ಆಕಾರ ತಾಳುತ್ತಿತ್ತು. ಮೊದಲ ಆಸನದಲ್ಲಿ ಕೂತ ಹುಡುಗಿಯ ಸೊಂಟ ಒತ್ತಿ ಕೆಂಪಾಯಿತು. ಅಚ್ಚು ತಿದ್ದಿದರು. ಮುಂದಿನದರಲ್ಲಿ ಒಬ್ಬ ಹುಡುಗ ಜಾರಿದ. ಮತ್ತೆ ತಿದ್ದಿದರು. ವ್ಯಾಪಾರಿ ಬೇಸರಪಟ್ಟ, ಮರ ಬೇಸರಪಡಲಿಲ್ಲ. ಕೊನೆಗೊಂದು ದಿನ ಆ ಹುಡುಗಿ ಹೊಸ ಆಸನದಲ್ಲಿ ಕೂತಲ್ಲೇ ನಿದ್ದೆಹೋದಳು.

ವ್ಯಾಪಾರಿ ಆ ಆಸನವನ್ನು ಎತ್ತಿಕೊಂಡು ಮೊದಲಿನವನ ಬಳಿಗೆ ಓಡಿದ. ಅಷ್ಟರಲ್ಲಿ ಅಲ್ಲಿನ ಒಳ್ಳೆಯ ಕೆಲಸಗಾರರಿಬ್ಬರು ಬೇರೆ ಕಡೆ ಕೆಲಸಕ್ಕೆ ಸೇರಿಬಿಟ್ಟಿದ್ದರು. ಕಾರ್ಖಾನೆಯವನು ಅದರ ಮಾತೆತ್ತಲಿಲ್ಲ. ಆಸನದ ಮೇಲೆ ಕೈಯಾಡಿಸಿ, "ಈಗ ಉಕ್ಕು ಕೊರೆಯೋಣ" ಎಂದ.

ಇಷ್ಟು ಹೇಳಿ ಗುರುಗಳು ಕಣ್ಣೊರೆಸಿಕೊಂಡರು. "ಯಂತ್ರ ಖಾಲಿ ನಿಂತಿರುವಾಗ, ಬಂದ ಕೆಲಸವನ್ನು ಪೈಪೋಟಿಯವನ ಬಾಗಿಲಿಗೆ ಕಳುಹಿಸಿದನಲ್ಲ, ಆ ಮನುಷ್ಯನಿಗೆ ನಾನು ಕೈಮುಗಿಯುತ್ತೇನೆ."

"ಅರ್ಥವಾಯಿತು ಗುರುಗಳೇ. ಆದರೂ ಪಾಠಕ್ರಮ..." ಎಂದು ಚನ್ನವೀರ ರಾಗ ಎಳೆದ.

"ಹಾಕಿಕೊಡುತ್ತೇನೆ. ನಿನ್ನ ಶಾಲೆಗೆ ಬರಲಿರುವ ಒಂದು ಮಗುವಿನ ಹೆಸರು ಹೇಳು."

"ಇನ್ನೂ ಒಂದು ಮಗುವನ್ನೂ ನೋಡಿಲ್ಲ ಗುರುಗಳೇ, ಮೊದಲು ನೋಡಿ ಬರುತ್ತೇನೆ" ಎಂದು ಚನ್ನವೀರ ಎದ್ದ.