ಮಗನಾದವಳ ಗುಡ್ಡ

ಕರಿಗುಡ್ಡದಿಂದ ಹಾಲಗೊಂಡಿಗೆ ಬರುವ ಬಸ್ಸು ಕೊನೆಯ ತಿರುವಿನಲ್ಲಿ ಹೊರಳಿದ ಕೂಡಲೇ ಎಡಗಡೆಗೆ ಒಂದು ಬೋಳು ಗುಡ್ಡ ಕಾಣುತ್ತದೆ. ಹೇಳಿಕೊಳ್ಳುವಂಥ ಎತ್ತರವೇನೂ ಅದಕ್ಕಿಲ್ಲ. ತುದಿಯಲ್ಲಿ ಅರ್ಧ ಕುಸಿದ ಹುಡೆ, ಅಂದರೆ ದುಂಡನೆಯ ಕಾವಲು ಬುರುಜು, ಬುಡದಲ್ಲಿ ಮೆಟ್ಟಿಲಿಳಿಯುವ ಒಂದು ಬಾವಿ, ಬಾವಿಯ ಸುತ್ತ ಎರೆಹೊಲ. ರಸ್ತೆಯ ಪಕ್ಕದಲ್ಲಿ ಪಂಚಾಯಿತಿಯವರು ನೆಟ್ಟ ಹಳದಿ ಬೋರ್ಡಿನ ಮೇಲೆ 'ಮಗನಾದವಳ ಗುಡ್ಡ' ಎಂದು ಬರೆದಿದೆ. ಹೊರಗಿನಿಂದ ಬಂದವರು ಅದನ್ನು ಓದಿ ಪೇಂಟರನ ಕನ್ನಡಕ್ಕೆ ನಗುತ್ತಾರೆ. ಕೆಲವು ವರ್ಷಗಳ ಹಿಂದೆ ಕ್ಯಾಮೆರಾ ತೂಗಿಕೊಂಡು ಬಂದಿದ್ದ ಒಬ್ಬ ಮಹಾಶಯರು, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಇಲ್ಲಿ ಅತ್ತು ಕಲ್ಲಾದಳೆಂದು ಪತ್ರಿಕೆಯಲ್ಲಿ ಬರೆದೂಬಿಟ್ಟರು. ಊರಲ್ಲಿ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಇಲ್ಲಿ ಯಾವ ತಾಯಿಯೂ ಕಲ್ಲಾಗಿಲ್ಲ. ಪೇಂಟರನ ತಪ್ಪೂ ಇಲ್ಲ. ಹೆಸರು ಇರುವುದೇ ಹಾಗೆ, ಮತ್ತು ಅದು ಬಂದದ್ದು ಒಂದು ಕಟ್ಟಳೆಯಿಂದ.

ಹಿಂದೆ ಒಮ್ಮೆ, ಸುತ್ತಲಿನ ಸೀಮೆಯಲ್ಲೆಲ್ಲ ಇಂಗ್ಲಿಷರ ಆಳಿಕೆ ಬೇರೂರಿದ್ದ ಕಾಲದಲ್ಲಿ, ಕರಿಗುಡ್ಡದಲ್ಲಿ ಮಾತ್ರ ಸಣ್ಣದೊಂದು ಸಂಸ್ಥಾನ ಉಳಿದುಕೊಂಡಿತ್ತು. ಅರಸರು ಹೆಸರಿಗೆ ಇದ್ದರು. ಕಾಯಿದೆ ಕಟ್ಟಳೆಗಳ ವಿಚಾರವೆಲ್ಲ ಚಾವಡಿ ಸಭೆಯ ಕೈಯಲ್ಲಿತ್ತು. ಊರೂರಿನ ಹಿರಿಯರು ಅದರಲ್ಲಿ ಕೂರುತ್ತಿದ್ದರು, ದೊಡ್ಡ ದೇಸಾಯರು ಅದರ ಮುಖ್ಯಸ್ಥರು. ಈ ಸಭೆಯವರಿಗೆ ಒಂದು ವಿಚಿತ್ರವಾದ ಹಟವಿತ್ತು ಎನ್ನುತ್ತಾರೆ. ಹಿಂದಿನವರು ಮಾಡಿಟ್ಟ ಕಟ್ಟಳೆಯನ್ನು ತಿದ್ದುವುದೆಂದರೆ ಹಿಂದಿನವರನ್ನೇ ದಡ್ಡರೆಂದು ಕರೆದಂತೆ ಎಂದು ಅವರ ಎಣಿಕೆ. ಆದರೆ ಎದುರಿಗೆ ಬಂದು ನಿಂತವನ ಕಷ್ಟ ನೋಡಿಯೂ ಸುಮ್ಮನಿರುವಷ್ಟು ಕಲ್ಲೆದೆಯವರೂ ಅವರಲ್ಲ. ಆದ್ದರಿಂದ ಹಳೆಯ ಕಟ್ಟಳೆಯನ್ನು ಕೂದಲಷ್ಟೂ ಅಲುಗಿಸದೆ, ಬಂದವನೊಬ್ಬನಿಗೆ ಮಾತ್ರ ಸಲ್ಲುವ ಹೊಸದೊಂದನ್ನು ಹೊರಡಿಸಿಬಿಡುತ್ತಿದ್ದರು. ಅದಕ್ಕೆ 'ಒಬ್ಬರ ಕಟ್ಟಳೆ' ಎಂದು ಹೆಸರು. ಪಕ್ಕದೂರಿನ ಕಳ್ಳನ ಹೆಸರೂ ತನ್ನ ಹೆಸರೂ ಒಂದೇ ಆಗಿದ್ದರಿಂದ ಹೋದಲ್ಲೆಲ್ಲ ಒದೆ ತಿನ್ನುತ್ತಿದ್ದ ಒಬ್ಬ ಬಡಿಗನಿಗೆ ಹೀಗೆ ಹೆಸರು ಬದಲಿಸಿಕೊಟ್ಟರು. ಅರಸರ ಮೇನೆ ಬಂದಾಗ ಎಲ್ಲರೂ ಎದ್ದು ನಿಲ್ಲತಕ್ಕದ್ದೆಂಬ ನಿಯಮದಿಂದ ಸೊಂಟ ಬಿದ್ದ ಮುದುಕನೊಬ್ಬನಿಗೆ ಬಿಡುಗಡೆ ಕೊಟ್ಟರು. ಅದೇ ಕಟ್ಟೆಯ ಮೇಲೆ ಕೂರುತ್ತಿದ್ದ, ಅಷ್ಟೇ ಸೊಂಟ ಬಿದ್ದ ಇನ್ನೊಬ್ಬ ಮುದುಕ ಮಾತ್ರ, ತಾನಾಗಿ ಹೋಗಿ ಕೇಳಿಕೊಂಡಿರಲಿಲ್ಲವಾದ್ದರಿಂದ, ಗೋಡೆ ಹಿಡಿದು ನರಳುತ್ತ ಏಳುತ್ತಲೇ ಇದ್ದನಂತೆ. ಇಂಥ ಕಟ್ಟಳೆ ಹೊರಟಾಗ ಸಂಸ್ಥಾನದ ಪ್ರತಿ ಊರಲ್ಲೂ ಡಂಗುರ ಸಾರಬೇಕು, ಎಲ್ಲರ ಕಿವಿಗೆ ಬಿದ್ದ ಮೇಲೆಯೇ ಅದು ಜಾರಿ. ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ. ಎರಡನೆಯದನ್ನು ಅರಸರ ಮಗನೇ ಬಂದು ಕೇಳಿದರೂ ಇಲ್ಲ.

ಆ ಕಾಲಕ್ಕೆ ಗುಡ್ಡದ ಬುಡದ ಹೊಲ ಕೆಂಚನಗೌಡನೆಂಬ ಒಕ್ಕಲಿಗನದಾಗಿತ್ತು. ಬಾವಿಯನ್ನು ತೋಡಿದವನೂ ಅವನೇ. ಅವನಿಗೆ ಪಾರವ್ವನೆಂಬ ಕುರುಡಿ ಹೆಂಡತಿ, ಭರಮವ್ವನೆಂಬ ಒಬ್ಬಳೇ ಮಗಳು. ಮಗಳಿಗೆ ತೊಂಡಿಗೇರಿಯ ಹೇಮಗಿರೆಪ್ಪನ ನಡುವಿನ ಮಗ ಫಕೀರಪ್ಪನನ್ನು ಗೊತ್ತು ಮಾಡಿ ವೀಳ್ಯ ಶಾಸ್ತ್ರವೂ ಮುಗಿದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರೆಂದು ಹೇಳಲು ಯಾರೂ ಬೇಕಿರಲಿಲ್ಲ. ತೊಂಡಿಗೇರಿಯಲ್ಲಿ ಮೂರು ಬಾವಿಗಳಿದ್ದರೂ ಫಕೀರಪ್ಪನ ಎತ್ತುಗಳಿಗೆ ನೀರಡಿಕೆಯಾಗುತ್ತಿದ್ದದ್ದು ಹಾಲಗೊಂಡಿಯ ಬಾವಿಯ ಹತ್ತಿರವೇ. ಹೀಗಿರುವಾಗ ಕೆಂಚನಗೌಡ ಹಾವು ಕಡಿದು ಸತ್ತ. ಗಂಡುಮಗನಿಲ್ಲದೆ ಸತ್ತವನ ನೆಲ ಅರಮನೆಗೆ ಸೇರತಕ್ಕದ್ದೆಂಬುದು ಸಂಸ್ಥಾನದ ಹಳೆಯ ಕಟ್ಟಳೆ. ತಿಥಿ ಮುಗಿದ ಮರುದಿನವೇ ಅರಮನೆಯ ಆಳುಗಳು ಬಂದು ಹೊಲದ ಮೂಲೆಗಳಲ್ಲಿ ಗೂಟ ನೆಟ್ಟುಹೋದರು. ಭರಮವ್ವನಿಗೇನು, ಮದುವೆಯಾಗಿ ತೊಂಡಿಗೇರಿಗೆ ಹೋಗಬಹುದಿತ್ತು. ಪಾರವ್ವನ ಗತಿ? ಮಗಳನ್ನು ಕೊಟ್ಟ ಮನೆಯಲ್ಲಿ ತಾಯಿ ಕೂಳು ತಿನ್ನಬಾರದೆಂಬುದು ಆ ಮುದುಕಿಯ ನಂಬಿಕೆ. ಫಕೀರಪ್ಪನೇ ಬಂದು ಕರೆದರೂ ಅವಳು ಮುಖ ತಿರುಗಿಸಿ ಕೂತಳು. ಹಸಿದು ಸತ್ತರೂ ಸರಿ, ಬೀಗರ ಮನೆಯ ಹೊಸಿಲು ತುಳಿಯುವವಳಲ್ಲ.

ಭರಮವ್ವ ನಡೆದುಕೊಂಡೇ ಕರಿಗುಡ್ಡಕ್ಕೆ ಹೋಗಿ ಚಾವಡಿಯ ಮುಂದೆ ನಿಂತಳು. ದೊಡ್ಡ ದೇಸಾಯರು ಮರುಗಿದರಂತೆ, ಆದರೆ ಹಳೆಯ ಮಾತನ್ನೇ ಹೇಳಿದರು.

"ಮಗ ಇಲ್ಲದ ಹೊಲ ಅರಮನಿಗೆ ಸೇರತೈತಿ ತಂಗಿ. ಇದು ನಿಮ್ಮಪ್ಪಗೂ ಗೊತ್ತಿತ್ತು."

"ಮಗ ಇರಬೇಕು, ಅಷ್ಟ ಹೌದಲ್ಲರಿ? ಹಂಗಾರ ನನ್ನನ್ನ ಮಗ ಅಂತ ಸಾರಿಸಿಬಿಡ್ರಿ. ಬಡಿಗಗ ಹೆಸರ ಬದಲು ಮಾಡಿ ಕೊಟ್ಟೀರಿ, ನನಗ ಇಷ್ಟು ಮಾಡಾಕ ಆಗೂದಿಲ್ಲೇನ್ರಿ?"

ಸಭೆ ನಕ್ಕಿತು. ನಕ್ಕು ಮುಗಿದ ಮೇಲೆ ಯೋಚಿಸಿತು. ಹಳೆಯ ಕಟ್ಟಳೆ ಅಲುಗುವುದಿಲ್ಲ, ಮುದುಕಿ ಬೀದಿಗೆ ಬೀಳುವುದಿಲ್ಲ. ಹಿರಿಯರಿಗೆ ಇದು ಒಪ್ಪಿಗೆಯಾಯಿತು. ಹಾಲಗೊಂಡಿಯ ಕೆಂಚನಗೌಡನ ಮಗಳು ಭರಮವ್ವನನ್ನು ಇಂದಿನಿಂದ ಎಲ್ಲರೂ ಎಲ್ಲ ವಿಷಯಕ್ಕೂ ಅವನ ಗಂಡುಮಗನೆಂದೇ ತಿಳಿಯತಕ್ಕದ್ದು ಎಂದು ಕಟ್ಟಳೆ ಹೊರಟಿತು. 'ಎಲ್ಲ ವಿಷಯಕ್ಕೂ' ಎಂಬ ಮಾತನ್ನು ದೇಸಾಯರು ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದರು ಎನ್ನುತ್ತಾರೆ. ನಾಳೆ ಯಾರೂ ತಕರಾರು ತೆಗೆಯದಿರಲಿ ಎಂಬುದಷ್ಟೇ ಅವರ ಉದ್ದೇಶ. ಡಂಗುರ ಸಾರಿದರು, ಗೂಟಗಳನ್ನು ಕಿತ್ತರು, ಪಾರವ್ವ ತನ್ನ ಮನೆಯಲ್ಲೇ ಉಳಿದಳು.

ಒಳ್ಳೆಯ ಮನಸ್ಸಿನಿಂದ ಆಡಿದ ಆ ಮಾತು ತನ್ನ ಕೆಲಸವನ್ನು ಮೆಲ್ಲಗೆ ಶುರುಮಾಡಿತು. ಗುಡ್ಡದ ಮೇಲಿನ ಹುಡೆಯನ್ನು ಪ್ರತಿ ಮನೆಯ ಗಂಡಸೊಬ್ಬ ಸರದಿಯ ಮೇಲೆ ಕಾಯಬೇಕಿತ್ತು. ಕೆಂಚನಗೌಡನ ಮನೆಯ ಸರದಿ ಬಂದಾಗ ತಳವಾರ ಬಂದು ಭರಮವ್ವನನ್ನು ಕರೆದ. ಅವಳು ಸೆರಗು ಬಿಗಿದು, ಅಪ್ಪನ ಕಂಬಳಿ ಹೊದ್ದು, ಕಹಳೆ ಹಿಡಿದು ಹತ್ತಿದಳು. ಮೊದಮೊದಲು ಬಾವಿಕಟ್ಟೆಯ ಹೆಂಗಸರು ಕಿಸಿಕಿಸಿ ನಕ್ಕರು. ಊರಲ್ಲಿ ಹೆಣ ಎತ್ತಬೇಕಾದಾಗ ಅವಳೂ ಹೆಗಲು ಕೊಡಬೇಕಾಯಿತು. ಊಟದ ಪಂಕ್ತಿಯಲ್ಲಿ ಮಾತ್ರ ಗಂಡಸರ ಸಾಲಿನಲ್ಲಿ ಮೊದಲು ಬಡಿಸುತ್ತಿದ್ದರು. ಬಿಸಿ ಹೋಳಿಗೆ ಇಷ್ಟು ರುಚಿಯೆಂದು ತನಗೆ ಅದುವರೆಗೆ ಗೊತ್ತೇ ಇರಲಿಲ್ಲವೆಂದು ಅವಳು ಹೇಳಿಕೊಳ್ಳುತ್ತಿದ್ದಳಂತೆ. ಅವಳ ಕಾವಲಿನಲ್ಲಿ ಒಂದು ದನವೂ ಕಳುವಾಗಲಿಲ್ಲ. ಗುಡ್ಡದ ಮೇಲೆ ಇಂದು ಯಾರೆಂದು ಹಾದಿಯವರು ಕೇಳಿದರೆ, ಕೆಳಗಿನವರು 'ಮಗನಾದಾಕಿ' ಎಂದು ಉತ್ತರ ಕೊಡುವುದು ರೂಢಿಯಾಯಿತು. ಗುಡ್ಡಕ್ಕೆ ಹೆಸರು ಅಂಟಿದ್ದು ಹೀಗೆ.

ವರುಷ ಕಳೆದು ಸೂತಕದ ನೆನಪು ತೊಲಗಿದ ಮೇಲೆ ಹೇಮಗಿರೆಪ್ಪ ಲಗ್ನದ ಮಾತೆತ್ತಲು ಹಾಲಗೊಂಡಿಗೆ ಬಂದ. ಊರ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭರಮವ್ವ ಎಲ್ಲ ವಿಷಯಕ್ಕೂ ಗಂಡುಮಗ. ಗಂಡುಮಗನನ್ನು ಧಾರೆಯೆರೆದು ಇನ್ನೊಂದು ಮನೆಗೆ ಕೊಡುವುದುಂಟೆ? ಫಕೀರಪ್ಪನನ್ನು ಮನೆ ಅಳಿಯನಾಗಿ ಇಟ್ಟುಕೊಳ್ಳೋಣವೆಂದು ಯಾರೋ ಅಂದರು. ಮಗಳಿರುವ ಮನೆಗೆ ಅಳಿಯ ಬರುತ್ತಾನೆ, ಕೆಂಚನಗೌಡನಿಗೆ ಮಗಳೆಲ್ಲಿದ್ದಾಳೆ ಎಂದು ಇನ್ನೊಬ್ಬರು ಕೇಳಿದರು. ಭರಮವ್ವ ಮತ್ತೆ ಕರಿಗುಡ್ಡಕ್ಕೆ ಹೋದಳು. ದೇಸಾಯರು ತಾವು ಸೇರಿಸಿದ ಮಾತಿಗೆ ತಾವೇ ಹಣೆ ಚಚ್ಚಿಕೊಂಡರಂತೆ. ಆದರೂ ಒಬ್ಬರಿಗೆ ಒಂದೇ ಸಲ. ಅವಳಿಗೆ ಕೊಟ್ಟದ್ದನ್ನು ಬೇಕಾದರೆ ರದ್ದು ಮಾಡಬಹುದು. ರದ್ದಾದರೆ ಮರುದಿನವೇ ಗೂಟ ಬರುತ್ತದೆ. ಅವಳು ಫಕೀರಪ್ಪನನ್ನು ಬಿಡಬೇಕು, ಇಲ್ಲವೇ ತಾಯಿಯನ್ನು ಬೀದಿಗೆ ಹಾಕಬೇಕು. ಭರಮವ್ವ ಮನೆಗೆ ಬಂದು, ವೀಳ್ಯದ ದಿನ ತೊಂಡಿಗೇರಿಯವರು ಉಡಿಸಿದ್ದ ಸೀರೆಯನ್ನು ಮಡಚಿ ತಿರುಗಿ ಕಳಿಸಿದಳು. ಆ ವಾರ ಅವಳ ಸರದಿಯಲ್ಲದಿದ್ದರೂ ದಿನವೂ ಹುಡೆಯ ಮೇಲೆ ಹೋಗಿ ಕೂರುತ್ತಿದ್ದಳು ಎನ್ನುತ್ತಾರೆ. ತೊಂಡಿಗೇರಿಯ ದಾರಿ ಅಲ್ಲಿಂದ ಕಾಣುತ್ತದೆ.

ಸೀರೆ ಕೈಗೆ ಬಂದ ದಿನ ಫಕೀರಪ್ಪ ಉಣ್ಣಲಿಲ್ಲ. ಮರುದಿನ ಎದ್ದು ನೇರವಾಗಿ ಚಾವಡಿಗೆ ಹೋದ. ತಾನು ಇದುವರೆಗೆ ಯಾವ ಕಟ್ಟಳೆಯನ್ನೂ ಕೇಳಿದವನಲ್ಲವೆಂದೂ ತನ್ನದೊಂದು ಬಾಕಿಯಿದೆಯೆಂದೂ ಹೇಳಿದ.

"ಏನ್ ಬೇಕೋ ನಿನಗ?"

"ಕೆಂಚನಗೌಡರ ಮಗಗ ಲಗ್ನ ಆಗಬೇಕಾಗೈತ್ರಿ. ನನ್ನನ್ನ ಆ ಮನಿ ಸೊಸಿ ಮಾಡ್ರಿ."

ಈ ಸಲ ಸಭೆ ನಕ್ಕ ನಗು ಬೇರೆ ಥರದ್ದು. ಅದು ಅಡಗುವವರೆಗೂ ಫಕೀರಪ್ಪ ತಲೆ ತಗ್ಗಿಸದೆ ನಿಂತಿದ್ದ. ದೇಸಾಯರು ಮಾತ್ರ ನಗಲಿಲ್ಲ. ಸೊಸೆಯಾಗಿ ಹೋದವನಿಗೆ ಹುಟ್ಟಿದ ಮನೆಯ ಹೊಲದಲ್ಲಿ ಪಾಲಿಲ್ಲ, ತಿಳಿದಿದೆಯೇ ಎಂದು ಕೇಳಿದರು. ತಿಳಿದಿದೆ ಎಂದ. ಊರೂರಿಗೆ ಡಂಗುರ ಸಾರುತ್ತಾರೆ, ನಿನ್ನ ಊರಲ್ಲೂ, ನಿನ್ನ ಅಪ್ಪನ ಮನೆಯ ಮುಂದೂ ಎಂದರು. ಫಕೀರಪ್ಪ, ಅಪ್ಪನಿಗೆ ಇನ್ನಿಬ್ಬರು ಗಂಡುಮಕ್ಕಳಿದ್ದಾರೆ, ಹೊಲಕ್ಕೆ ಕುತ್ತಿಲ್ಲ ಎಂದಷ್ಟೇ ಹೇಳಿದ. ಕಟ್ಟಳೆ ಹೊರಟಿತು. ತೊಂಡಿಗೇರಿಯಲ್ಲಿ ಡಂಗುರದವನು ಸಾರುವಾಗ ಫಕೀರಪ್ಪ ಓಡಿಹೋಗದೆ ಅವನ ಪಕ್ಕದಲ್ಲೇ ನಡೆದ. ಗಂಡಸರು ಶಿಳ್ಳೆ ಹಾಕಿದರು, ಯಾರೋ ಬಳೆ ಎಸೆದರು. ಹೇಮಗಿರೆಪ್ಪ ಕಟ್ಟೆಯ ಮೇಲೆ ಕೂತವನು, ಹೇಮಗಿರೆಪ್ಪನ ಮಗ ಫಕೀರಪ್ಪನನ್ನು ಹಾಲಗೊಂಡಿಯ ಪಾರವ್ವನ ಸೊಸೆಯೆಂದೇ ಎಲ್ಲರೂ ತಿಳಿಯತಕ್ಕದ್ದು ಎಂಬ ಮಾತು ಮುಗಿಯುವವರೆಗೂ ಕೇಳಿ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮದುವೆಗೂ ಅವನ ಮನೆಯಿಂದ ಯಾರೂ ಬರಲಿಲ್ಲ. ಈ ಕಥೆ ಹೇಳುವಾಗ ಹೇಮಗಿರೆಪ್ಪನನ್ನು ಬೈಯುವವರಿದ್ದಾರೆ. ನನಗೆ ಬೈಯಲು ಮನಸ್ಸು ಬರುವುದಿಲ್ಲ. ಬೆಳೆದ ಮಗನನ್ನು ಹಾಗೆ ಡಂಗುರದಲ್ಲಿ ಕಳೆದುಕೊಳ್ಳುವುದು ಯಾವ ಅಪ್ಪನಿಗೂ ಸುಲಭವಲ್ಲ.

ಹಾಲಗೊಂಡಿಯಲ್ಲಿ ಹೊಸ ಸೊಸೆ ಹೊಸಿಲ ಮೇಲಿಟ್ಟ ಜೋಳದ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರಬೇಕು. ಫಕೀರಪ್ಪ ಒದ್ದ ಸೇರು ಅಡುಗೆಮನೆಯವರೆಗೂ ಉರುಳಿತಂತೆ. ಕುರುಡಿ ಪಾರವ್ವ ಸೊಸೆಯನ್ನು ನೋಡುವುದು ಹೇಗೆ? ಬಗ್ಗಿ ಅವನ ಪಾದವನ್ನು ತಡವಿದಳು.

"ಬಂಗಾರದಂಥ ಸೊಸಿ ತಂದಿ ಭರಮೀ," ಎಂದಳು. "ಆದ್ರ ಕಾಲುಂಗುರ ಮಾಡಿಸಾಕ ಅಕ್ಕಸಾಲಿಗ ಎರಡರಷ್ಟು ಬೆಳ್ಳಿ ಕೇಳತಾನ."

ನಗೆ ಹೊಟ್ಟೆ ಹಿಡಿಸುವಷ್ಟಾಯಿತು, ಮತ್ತು ಆ ನಗೆಯಲ್ಲಿ ಫಕೀರಪ್ಪನೂ ಸೇರಿದ. ಅಂದಿನಿಂದ ಪಾರವ್ವ ಸೊಸೆಯ ಕೈಯಡುಗೆ ಉಂಡಳು. ಅದು ತನ್ನ ಮನೆಯ ಕೂಳು, ಆದ್ದರಿಂದ ಎಂದೂ ಗಂಟಲಲ್ಲಿ ಸಿಕ್ಕಲಿಲ್ಲ. ಮೊದಲ ದಿನಗಳ ರೊಟ್ಟಿಯನ್ನು ಮಾತ್ರ ಅವಳು ದನಕ್ಕೆ ಹಾಕಿಸಿದಳೆಂದು ಹೇಳುತ್ತಾರೆ. ಹೊಲದ ಕೆಲಸ ಇಬ್ಬರದೂ, ಹುಡೆಯ ಕಾವಲು ಅವಳದು. ಸಂಜೆ ಬುತ್ತಿ ಹೊತ್ತು ಗುಡ್ಡ ಹತ್ತುವವನು ಅವನು. ಇಷ್ಟೆಲ್ಲ ಇದ್ದರೂ, ಎತ್ತುಗಳನ್ನು ಬಿಟ್ಟುಕೊಂಡು ತೊಂಡಿಗೇರಿಯ ಗಡಿಯವರೆಗೆ ಹೋದವನು ಅಲ್ಲಿಂದ ಒಂದು ಹೆಜ್ಜೆ ಮುಂದಿಡದೆ ಹಿಂತಿರುಗುತ್ತಿದ್ದನಂತೆ.

ಮದುವೆಯಾದ ವರುಷದ ಶ್ರಾವಣದಲ್ಲಿ, ನಾಗರ ಪಂಚಮಿಗೆ ಊರಿನ ಸೊಸೆಯರನ್ನೆಲ್ಲ ತವರಿನವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಓಣಿಯಲ್ಲಿ ಗಾಡಿಗಳ ಸಾಲು. ಆ ಸಾಲಿನ ಕೊನೆಗೆ ಒಂದು ಕಮಾನಿನ ಗಾಡಿ ಬಂದು ಕೆಂಚನಗೌಡನ ಮನೆಯ ಮುಂದೆ ನಿಂತಿತು. ಇಳಿದವನು ಹೇಮಗಿರೆಪ್ಪ. ಒಂದು ಕೈಯಲ್ಲಿ ಹಬ್ಬದ ಸಿಹಿ ಉಂಡಿಯ ಬುಟ್ಟಿ. ಮಗಳಿಗೆ ತರುವ ಸೀರೆಯ ಬದಲು ಹೆಗಲ ಮೇಲೆ ಒಂದು ಹೊಸ ಧೋತರ. ಒಳಗೆ ಬಾರದೆ ಹೊಸಿಲ ಹೊರಗೇ ನಿಂತು ಗಂಟಲು ಸರಿಪಡಿಸಿಕೊಂಡ.

"ಬೀಗತೀ, ಪಂಚಮಿಗೆ ಮಗಳನ್ನ ಕರಕೊಂಡು ಹೋಗಾಕ ಬಂದೀನಿ. ಕಳಿಸಿ ಕೊಡ್ರಿ."

ರೊಟ್ಟಿ ತಟ್ಟುತ್ತಿದ್ದ ಫಕೀರಪ್ಪ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅಪ್ಪನ ಕಾಲಿಗೆ ಬಿದ್ದ. ಇಬ್ಬರೂ ಅತ್ತರು. ಪಾರವ್ವ ಅತ್ತೆಯ ಗತ್ತಿನಲ್ಲಿ, ಹಬ್ಬ ಮುಗಿದ ಕೂಡಲೇ ಕಳಿಸಬೇಕು, ನಮ್ಮ ಮನೆಯಲ್ಲಿ ಕೆಲಸವಿದೆ ಎಂದು ತಾಕೀತು ಮಾಡಿ ಕಳಿಸಿದಳು.

ಸಂಸ್ಥಾನ ಈಗಿಲ್ಲ. ಹಳೆಯ ಕಟ್ಟಳೆಯನ್ನು ಚಾವಡಿಯವರು ಕಡೆಯವರೆಗೂ ತಿದ್ದಲಿಲ್ಲ. ಅದು ಸಂಸ್ಥಾನದ ಜೊತೆಗೇ ಹೋಯಿತು. ಗುಡ್ಡ ಹತ್ತಿದವರು ಹುಡೆಯ ನೆರಳಿನಲ್ಲಿ ಎರಡು ಗದ್ದುಗೆಗಳನ್ನು, ಅಂದರೆ ಸಮಾಧಿಗಳನ್ನು, ನೋಡಬಹುದು. ಗಂಡನಿಗೆ ಸಲ್ಲುವ ಬಲಗಡೆ ಭರಮವ್ವನದು, ಎಡಗಡೆ ಫಕೀರಪ್ಪನದು. ಎರಡರ ಮೇಲೂ ಒಂದೊಂದು ಹಣತೆ ಇರುತ್ತದೆ. ಪಂಚಮಿಯ ಮುನ್ನಾದಿನ ತೊಂಡಿಗೇರಿಯಿಂದ ಟ್ರ್ಯಾಕ್ಟರೊಂದು ಬಂದು ಗುಡ್ಡದ ಬುಡದಲ್ಲಿ ನಿಲ್ಲುತ್ತದೆ. ಹೇಮಗಿರೆಪ್ಪನ ಮನೆತನದ ಹಿರಿಯರೊಬ್ಬರು ಉಂಡಿಯ ಬುಟ್ಟಿ ಹಿಡಿದು ಹತ್ತಿ, ಬಲಗಡೆಯ ಗದ್ದುಗೆಯ ಅಪ್ಪಣೆ ಕೇಳಿ, ಎಡಗಡೆಯ ಹಣತೆಯನ್ನು ಎತ್ತಿಕೊಂಡು ಹೋಗುತ್ತಾರೆ. ತೊಂಡಿಗೇರಿಯಲ್ಲಿ ಅದನ್ನು ಜೋಕಾಲಿಯ ಮೇಲಿಟ್ಟು ತೂಗಿ, ಹಬ್ಬ ಮುಗಿದ ಮೇಲೆ ತಂದು ಬಿಡುತ್ತಾರೆ. ಆ ದಿನಗಳಲ್ಲಿ ಗುಡ್ಡ ಹತ್ತಿ ಇಳಿದ ಪ್ರವಾಸಿಗರು, ಮೇಲೆ ಒಂದೇ ದೀಪ ಉರಿಯುತ್ತಿದೆಯಲ್ಲ, ಆಕೆಯ ಗಂಡನದೆಲ್ಲಿ ಎಂದು ಕೇಳುವುದುಂಟು. ಬಾವಿಯ ಹತ್ತಿರ ನೀರು ತುಂಬುವ ನಮ್ಮ ಹೆಂಗಸರು ತಲೆ ಎತ್ತದೆಯೇ ಉತ್ತರ ಕೊಡುತ್ತಾರೆ.

"ತವರಿಗೆ ಹೋಗ್ಯಾನ್ರಿ."