ಕಾರಿನ ಬಾಗಿಲ ಮಿಂಚುಳ್ಳಿಗೆ ಬಾಲವಿಲ್ಲ

ಒಂದು ಕಾರು ಇತ್ತು. ಸಮುದ್ರದ ಹತ್ತಿರ ಇತ್ತು. ಎಷ್ಟು ಹತ್ತಿರ? ಬೆಳಿಗ್ಗೆ ಎದ್ದು ಕಾರಿನ ಗಾಜಿಗೆ ಬೆರಳು ಎಳೆದು ನೆಕ್ಕಿದರೆ ಉಪ್ಪು. ಅಷ್ಟು ಹತ್ತಿರ. ನೀವು ನೆಕ್ಕಬೇಡಿ. ಕುಸುಮಿ ನೆಕ್ಕಿ ನೋಡಿದ್ದಾಳೆ, ಸಾಕು.

ಕಾರು ಕುಸುಮಿಯ ಮನೆಯದು. ಅದರ ಮೈ ಕಬ್ಬಿಣದ್ದಲ್ಲ, ಅಲ್ಯೂಮಿನಿಯಂದು. ಅಡುಗೆಮನೆಯಲ್ಲಿ ಹಗುರದ ಬಿಳೀ ಪಾತ್ರೆ ಇರುತ್ತದಲ್ಲ, ಬಿದ್ದರೆ ಇಡೀ ಕೇರಿಗೆ ಕೇಳುತ್ತದಲ್ಲ, ಅದೇ.

ಕಾರಿನ ಬಾಗಿಲ ಮೇಲೆ ಒಂದು ಮಿಂಚುಳ್ಳಿ. ನೀಲಿ ರೆಕ್ಕೆ. ಕೆಂಪು ಕೊಕ್ಕು. ಕಪ್ಪು ಕಣ್ಣು. ಬಣ್ಣದಲ್ಲಿ ಬರೆದ ಮಿಂಚುಳ್ಳಿ. ಬರೆದದ್ದು ಯಾರು? ಕುಸುಮಿಯ ಅಮ್ಮ.

ಅಮ್ಮ ಈಗ ಇಲ್ಲ. ಕಾಯಿಲೆ ಬಂತು. ಅಮ್ಮ ಹೋದಳು. ಮಿಂಚುಳ್ಳಿ ಉಳಿಯಿತು.

ಕುಸುಮಿ ದಿನಾ ಬೆಳಿಗ್ಗೆ ಬಾಗಿಲ ಮುಂದೆ ನಿಲ್ಲುತ್ತಾಳೆ. "ಶಾಲೆಗೆ ಹೋಗಿ ಬರ್ತೇನೆ," ಅನ್ನುತ್ತಾಳೆ. ಮಿಂಚುಳ್ಳಿಗೆ ಹೇಳುತ್ತಾಳೆ. ಆಮೇಲೆ ಹೋಗುತ್ತಾಳೆ.

ಒಂದು ದಿನ ಬಣ್ಣದ ಮೇಲೆ ಗುಳ್ಳೆ ಎದ್ದಿತು. ಸುಟ್ಟ ಹಪ್ಪಳದ ಗುಳ್ಳೆಯ ಹಾಗೆ. ಗುಳ್ಳೆ ಬೆಳೆಯಿತು. ಗುಳ್ಳೆ ಒಡೆಯಿತು. ಒಳಗೆ ಏನಿತ್ತು? ಬಿಳೀ ಪುಡಿ. ಅಕ್ಕಿಹಿಟ್ಟಿನಂಥ ಪುಡಿ. ಮಿಂಚುಳ್ಳಿಯ ಬಾಲ ಕಳಚಿ ನೆಲಕ್ಕೆ ಬಿತ್ತು. ಕುಸುಮಿ ಎತ್ತಿಕೊಂಡಳು. ಕೈಯಲ್ಲೇ ಪುಡಿಯಾಯಿತು.

ರೆಕ್ಕೆಯ ಕೆಳಗೆ ನೋಡಿದಳು. ಅಲ್ಲೂ ಒಂದು ಗುಳ್ಳೆ ಏಳುತ್ತಿತ್ತು. ಇವತ್ತು ಬಾಲ. ನಾಳೆ ರೆಕ್ಕೆ. ನಾಡಿದ್ದು ಕಣ್ಣು. ಆಮೇಲೆ "ಹೋಗಿ ಬರ್ತೇನೆ" ಅಂತ ಯಾರಿಗೆ ಹೇಳುವುದು?

ಕುಸುಮಿ ಓಡಿದಳು. ಬಣ್ಣದ ಗಾಸ್ಪರ್ ಮಾಮನ ಹತ್ತಿರ ಓಡಿದಳು. ಗಾಸ್ಪರ್ ಮಾಮ ದೋಣಿಗಳಿಗೆ ಬಣ್ಣ ಹಚ್ಚುವವನು. ಅವನ ಮೀಸೆಯಲ್ಲೂ ಯಾವಾಗಲೂ ಒಂದು ಬಣ್ಣ.

"ಮಾಮ, ಮಾಮ, ಬಣ್ಣ ಹಚ್ಚಿ ಕೊಡಿ. ನನ್ನ ಮಿಂಚುಳ್ಳಿಗೆ ಬಾಲ ಇಲ್ಲ."

"ಎಲ್ಲಿ ಹೋಯ್ತು ಬಾಲ?"

"ಗುಳ್ಳೆ ಎದ್ದು ಬಿತ್ತು. ಒಳಗೆ ಬಿಳೀ ಪುಡಿ."

"ಅಯ್ಯೋ ದೇವಾ! ಅದು ಬಿಳಿ ತುಕ್ಕು ಮಗಾ. ಕಬ್ಬಿಣಕ್ಕೆ ಕೆಂಪು ತುಕ್ಕು, ಅಲ್ಯೂಮಿನಿಯಂಗೆ ಬಿಳಿ ತುಕ್ಕು. ತುಕ್ಕಿನ ಮೇಲೆ ಬಣ್ಣ ನಿಲ್ಲುದಿಲ್ಲ. ನಾನು ಹಚ್ಚುದೂ ಇಲ್ಲ. ಮೊದಲು ತುಕ್ಕು ಉಜ್ಜಿಸು. ಇದಿನಬ್ಬನ ಹತ್ತಿರ ಹೋಗು."

ಕುಸುಮಿ ಹೋದಳು. ತಗಡಿನ ಇದಿನಬ್ಬ ಕಾಕನ ಹತ್ತಿರ ಹೋದಳು. ಇದಿನಬ್ಬ ಕಾಕ ತಗ್ಗಿದ ತಗಡನ್ನು ತಟ್ಟಿ ಎಬ್ಬಿಸುವವನು. ದಿನವಿಡೀ ಟಣ್ ಟಣ್. ಅದಕ್ಕೇ ಅವನು ಮಾತಾಡಿದರೂ ಕೂಗಿದ ಹಾಗೆ.

"ಕಾಕ, ಕಾಕ, ತುಕ್ಕು ಉಜ್ಜಿ ಕೊಡಿ.
ತುಕ್ಕು ಉಜ್ಜದೆ ಗಾಸ್ಪರ್ ಮಾಮ ಬಣ್ಣ ಹಚ್ಚುದಿಲ್ಲಂತೆ.
ಬಣ್ಣ ಹಚ್ಚದೆ ನನ್ನ ಮಿಂಚುಳ್ಳಿಗೆ ಬಾಲ ಇಲ್ಲ."

"ಎಂತದರಲ್ಲಿ ಉಜ್ಜುದು?" ಇದಿನಬ್ಬ ಕಾಕ ಕೂಗಿದ. "ನನ್ನ ಬ್ರಷ್ಷಿಗೆ ಕಬ್ಬಿಣದ ತಂತಿ! ಅದರಲ್ಲಿ ಉಜ್ಜಿದರೆ ಕಬ್ಬಿಣದ ಚೂರು ಒಳಗೇ ಕೂತುಕೊಳ್ತದೆ. ಆಮೇಲೆ ಮತ್ತೆ ತುಕ್ಕು! ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಆಗುದಿಲ್ಲ. ಉಪ್ಪುಗಾಳಿಯಲ್ಲಂತೂ ಆಗುದೇ ಇಲ್ಲ. ನಾರಿನ ಬ್ರಷ್ ತಾ. ತೆಂಗಿನ ನಾರಿಂದು. ಮುಕಾಂಬಕ್ಕನ ಹತ್ತಿರ ಹೋಗು!"

ಕುಸುಮಿ ಹೋದಳು. ನಾರಿನ ಮುಕಾಂಬಕ್ಕನ ಹತ್ತಿರ ಹೋದಳು. ಮುಕಾಂಬಕ್ಕ ತೆಂಗಿನ ಸಿಪ್ಪೆಯನ್ನು ಹೊಳೆಯಲ್ಲಿ ನೆನೆಹಾಕಿ, ಬಡಿದು, ನಾರು ತೆಗೆಯುವವಳು. ಬಡಿಯುವಾಗ ಮಾತಾಡುವುದಿಲ್ಲ. ಬಡಿಯದೆ ಇರುವಾಗ ಮಾತು ನಿಲ್ಲಿಸುವುದಿಲ್ಲ.

"ಅಕ್ಕಾ, ಅಕ್ಕಾ, ನಾರು ಕೊಡಿ.
ನಾರಿಲ್ಲದೆ ಇದಿನಬ್ಬ ಕಾಕ ತುಕ್ಕು ಉಜ್ಜುದಿಲ್ಲಂತೆ.
ತುಕ್ಕು ಉಜ್ಜದೆ ಗಾಸ್ಪರ್ ಮಾಮ ಬಣ್ಣ ಹಚ್ಚುದಿಲ್ಲಂತೆ.
ಬಣ್ಣ ಹಚ್ಚದೆ ನನ್ನ ಮಿಂಚುಳ್ಳಿಗೆ ಬಾಲ ಇಲ್ಲ."

"ನೋಡು ಮಾರಾಯ್ತಿ, ನಾರು ರಾಶಿ ಇದೆ, ಗುಡ್ಡೆಯಷ್ಟಿದೆ, ಕೂತರೆ ನಾರು, ನಿಂತರೆ ನಾರು," ಅಂದಳು ಮುಕಾಂಬಕ್ಕ. "ಆದರೆ ಇದು ನೆನೆದದ್ದು ಎಲ್ಲಿ? ಸಮುದ್ರ ಬಂದು ಸೇರುವ ಹೊಳೆಯಲ್ಲಿ. ನೀರು ಉಪ್ಪು. ನಾರೂ ಉಪ್ಪು. ಇದರಲ್ಲಿ ಉಜ್ಜಿದರೆ ನಿನ್ನ ಕಾರಿಗೆ ಉಪ್ಪಿನಕಾಯಿ ಹಾಕಿದ ಹಾಗೆ. ಇದನ್ನು ಸಿಹಿನೀರಿನಲ್ಲಿ ತೊಳೆಯಬೇಕು. ತೊಳೆಯದೆ ಕೊಡುದಿಲ್ಲ. ಹೋಗು, ಸಾಧಮ್ಮನ ಬಾವಿಯ ನೀರು ಕೇಳು."

ಕುಸುಮಿ ಹೋದಳು. ಬಾವಿಯ ಸಾಧಮ್ಮಜ್ಜಿಯ ಹತ್ತಿರ ಹೋದಳು. ಕೇರಿಗೆಲ್ಲ ಸಿಹಿನೀರಿನ ಬಾವಿ ಅದೊಂದೇ. ಹಗ್ಗಕ್ಕೆ ಅಜ್ಜಿಯದೇ ಕಾವಲು. ಕೇಳದೆ ಯಾರೂ ಮುಟ್ಟುವ ಹಾಗಿಲ್ಲ.

"ಅಜ್ಜಿ, ಅಜ್ಜಿ, ನೀರು ಸೇದಿ ಕೊಡಿ.
ನೀರಿಲ್ಲದೆ ಮುಕಾಂಬಕ್ಕ ನಾರು ಕೊಡುದಿಲ್ಲಂತೆ.
ನಾರಿಲ್ಲದೆ ಇದಿನಬ್ಬ ಕಾಕ ತುಕ್ಕು ಉಜ್ಜುದಿಲ್ಲಂತೆ.
ತುಕ್ಕು ಉಜ್ಜದೆ ಗಾಸ್ಪರ್ ಮಾಮ ಬಣ್ಣ ಹಚ್ಚುದಿಲ್ಲಂತೆ.
ಬಣ್ಣ ಹಚ್ಚದೆ ನನ್ನ ಮಿಂಚುಳ್ಳಿಗೆ ಬಾಲ ಇಲ್ಲ."

ಸಾಧಮ್ಮಜ್ಜಿ ಎಲೆಯಡಿಕೆ ಉಗಿದು ಬಂದಳು. ಸೊಂಟಕ್ಕೆ ಕೈ ಕೊಟ್ಟಳು.

"ನಿನ್ನ ಅಮ್ಮ ಆ ಕಾರು ತೊಳೆಯುತ್ತಿದ್ದದ್ದು ಇದೇ ಬಾವಿಕಟ್ಟೆಯ ಹತ್ತಿರ. ನಾನು ಕೂತು ನೋಡುತ್ತಿದ್ದೆ. ಬಾಗಿಲ ಮೇಲೆ ಒಂದು ಕಬ್ಬಿಣದ ತಿರುಪುಮೊಳೆ ಉಂಟಲ್ಲ? ಆಯುಧಪೂಜೆಗೆ ಕಾರಿಗೆ ಹಾರ ಹಾಕುವ ಮೊಳೆ? ಅವಳು ಹೋದ ಮೇಲೆ ಅದರ ಬುಡದಿಂದಲೇ ಬಿಳೀ ಗೆರೆ ಇಳಿದದ್ದು. ಇಳಿದು ಇಳಿದು ಹಕ್ಕಿಗೆ ತಾಗಿದ್ದು. ಆ ಮೊಳೆ ಇರುವವರೆಗೆ ಎಷ್ಟು ತೊಳೆದರೂ ದಂಡ. ದಂಡದ ಕೆಲಸಕ್ಕೆ ನಾನು ನೀರು ಸೇದುದಿಲ್ಲ. ಸೊಂಟ ನಂದು. ಹೋಗು, ಅಪ್ಪಯ್ಯನಿಗೆ ಮೊಳೆ ತೆಗೆಯಲಿಕ್ಕೆ ಹೇಳು."

ಕುಸುಮಿ ಹೋದಳು. ಅಪ್ಪಯ್ಯನ ಹತ್ತಿರ ಹೋದಳು. ಅಪ್ಪಯ್ಯ ಜಗಲಿಯಲ್ಲಿ ಗೆರಸಿ ಹಿಡಿದು ಅಕ್ಕಿ ಗೇರುತ್ತಿದ್ದ. ಅಮ್ಮ ಗೇರಿದರೆ ಹೊಟ್ಟು ಹಾರುತ್ತಿತ್ತು. ಅಪ್ಪಯ್ಯ ಗೇರಿದರೆ ಅಕ್ಕಿ ಹಾರುತ್ತದೆ. ಕೋಳಿಗಳಿಗೆ ಮಾತ್ರ ಅಪ್ಪಯ್ಯ ಗೇರುವುದೇ ಇಷ್ಟ.

"ಅಪ್ಪಯ್ಯ, ಅಪ್ಪಯ್ಯ, ಮೊಳೆ ತೆಗಿ.
ಮೊಳೆ ತೆಗೆಯದೆ ಸಾಧಮ್ಮಜ್ಜಿ ನೀರು ಸೇದುದಿಲ್ಲಂತೆ.
ನೀರಿಲ್ಲದೆ ಮುಕಾಂಬಕ್ಕ ನಾರು ಕೊಡುದಿಲ್ಲಂತೆ.
ನಾರಿಲ್ಲದೆ ಇದಿನಬ್ಬ ಕಾಕ ತುಕ್ಕು ಉಜ್ಜುದಿಲ್ಲಂತೆ.
ತುಕ್ಕು ಉಜ್ಜದೆ ಗಾಸ್ಪರ್ ಮಾಮ ಬಣ್ಣ ಹಚ್ಚುದಿಲ್ಲಂತೆ.
ಬಣ್ಣ ಹಚ್ಚದೆ ನನ್ನ ಮಿಂಚುಳ್ಳಿಗೆ ಬಾಲ ಇಲ್ಲ."

ಅಪ್ಪಯ್ಯ ಗೆರಸಿ ಕೆಳಗಿಟ್ಟ.

"ಆ ಮೊಳೆ ಹಾಕಿದ್ದು ಯಾರು, ಗೊತ್ತುಂಟಾ?"

"ಇಲ್ಲ."

"ನಿನ್ನ ಅಮ್ಮ. ಹಾರ ಜಾರಬಾರದು ಅಂತ ಅವಳೇ ಕೂತು ತಿರುಗಿಸಿ ಹಾಕಿದ್ದು. ಅವಳ ಕೈ ತಾಗಿದ್ದು. ನಾನು ತೆಗೆಯುದಿಲ್ಲ."

ಅಷ್ಟೇ ಅಂದ. ಗೆರಸಿ ಎತ್ತಿಕೊಂಡ. ಅಕ್ಕಿ ಹಾರಿತು.

ಈಗ ಕುಸುಮಿ ಯಾರ ಹತ್ತಿರ ಹೋಗಬೇಕು? ಬೇರೆ ಕತೆಯಾಗಿದ್ದರೆ ಇಲಿಯ ಹತ್ತಿರ ಹೋಗಬಹುದಿತ್ತು. ಬೆಕ್ಕಿನ ಹತ್ತಿರ ಹೋಗಬಹುದಿತ್ತು. ಇದು ಕಾರಿನ ಕತೆ. ಕುಸುಮಿ ಮೊಳೆಯ ಹತ್ತಿರವೇ ಹೋದಳು.

"ಮೊಳೆ, ಮೊಳೆ, ನೀನೇ ಹೊರಗೆ ಬಾ."

ಮೊಳೆ ಮಾತಾಡಲಿಲ್ಲ. ಬೆರಳಲ್ಲಿ ತಿರುಗಿಸಿದಳು. ಅಲ್ಲಾಡಲಿಲ್ಲ. ಬೆರಳಿಗೆ ಕೆಂಪು ಹತ್ತಿತು. ಅಷ್ಟೇ.

ಕುಸುಮಿ ಅಲ್ಲೇ ಕೂತಳು. ಗಾಳಿ ಬಂತು. ಉಪ್ಪುಗಾಳಿ. ರೆಕ್ಕೆಯ ಕೆಳಗಿನ ಗುಳ್ಳೆ ಒಡೆಯಿತು. ನೀಲಿ ರೆಕ್ಕೆ ಚೂರು ಚೂರಾಗಿ ಅವಳ ಲಂಗದ ಮೇಲೆ ಬಿತ್ತು.

ಕುಸುಮಿ ಅಳಲಿಲ್ಲ. ಲಂಗ ಮಡಚಿ ಹಿಡಿದಳು. ಮೆಲ್ಲ ಮೆಲ್ಲ ನಡೆದಳು. ಅಪ್ಪಯ್ಯನ ಮುಂದೆ ಲಂಗ ಬಿಡಿಸಿದಳು.

"ರೆಕ್ಕೆಯೂ ಬಿತ್ತು ಅಪ್ಪಯ್ಯ."

ಅಪ್ಪಯ್ಯ ನೀಲಿ ಚೂರು ನೋಡಿದ. ಮುಟ್ಟಲು ಹೋದ. ಮುಟ್ಟಲಿಲ್ಲ.

"ಇದಕ್ಕೂ ಅಮ್ಮನ ಕೈ ತಾಗಿದೆ," ಅಂದಳು ಕುಸುಮಿ.

"ಹೌದು."

"ಅಮ್ಮ ಮೊಳೆ ಹಾಕಿದ್ದು ಎಂತಕ್ಕೆ?"

"ಹಾರ ಹಾಕಲಿಕ್ಕೆ."

"ಹಾರ ಹಾಕಿದ್ದು ಎಂತಕ್ಕೆ?"

"ಕಾರಿಗೆ ಎಂತದೂ ಆಗದೆ ಇರಲಿ ಅಂತ."

"ಕಾರಿಗೆ ಆಯ್ತಲ್ಲ ಅಪ್ಪಯ್ಯ. ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳೇ ತೆಗೆಯುತ್ತಿದ್ದಳು."

ಅಪ್ಪಯ್ಯ ಗೆರಸಿ ಕೆಳಗಿಟ್ಟ. ಕೋಳಿಗಳು ಗೆರಸಿಯ ಒಳಗೇ ಬಂದವು. ಓಡಿಸಲಿಲ್ಲ. ಆಮೇಲೆ ಎದ್ದ. ಒಳಗೆ ಹೋದ. ಸ್ಕ್ರೂಡ್ರೈವರ್ ತಂದ.

ತಿರುಗಿಸಿದ. ಮೊಳೆ ಕಿರ್ ಅಂದಿತು. ತಿರುಗಿಸಿದ. ಮೊಳೆ ಕಿರ್ ಕಿರ್ ಅಂದಿತು. ಅಪ್ಪಯ್ಯನ ಮೂಗು ಕೆಂಪಾಯಿತು. ಮೊಳೆ ಹೊರಗೆ ಬಂತು. ಅಂಗಿಯ ಜೇಬಿಗೆ ಹಾಕಿಕೊಂಡ. ಎಡಗಡೆಯ ಜೇಬಿಗೆ.

ಅಪ್ಪಯ್ಯ ಮೊಳೆ ತೆಗೆದ.

ಅಪ್ಪಯ್ಯ ಮೊಳೆ ತೆಗೆದ, ಸಾಧಮ್ಮಜ್ಜಿ ನೀರು ಸೇದಿದಳು. "ಒಂದು ಕೊಡ ಸಾಕಾ? ಎರಡು ತೆಗೆದುಕೋ. ಸೊಂಟ ಇರುವುದೇ ನೋಯಲಿಕ್ಕೆ," ಅಂದಳು.

ಅಪ್ಪಯ್ಯ ಮೊಳೆ ತೆಗೆದ, ಸಾಧಮ್ಮಜ್ಜಿ ನೀರು ಸೇದಿದಳು, ಮುಕಾಂಬಕ್ಕ ನಾರು ತೊಳೆದು ಕೊಟ್ಟಳು. ಕೊಡುವಾಗ ಒಂದು ಮಾತೂ ಆಡಲಿಲ್ಲ. ಕುಸುಮಿಯ ತಲೆ ಸವರಿದಳು. ಅಷ್ಟೇ.

ಅಪ್ಪಯ್ಯ ಮೊಳೆ ತೆಗೆದ, ಸಾಧಮ್ಮಜ್ಜಿ ನೀರು ಸೇದಿದಳು, ಮುಕಾಂಬಕ್ಕ ನಾರು ತೊಳೆದು ಕೊಟ್ಟಳು, ಇದಿನಬ್ಬ ಕಾಕ ತುಕ್ಕು ಉಜ್ಜಿದ. ನಾರಿನಿಂದ ಉಜ್ಜಿದ. ನೀರಿನಿಂದ ತೊಳೆದ. ಮರಳು ಕಾಗದದಿಂದ ತೀಡಿದ. ತುಕ್ಕು ಇದ್ದಲ್ಲೆಲ್ಲ ತೀಡಲೇಬೇಕು. ತೀಡುತ್ತ ತೀಡುತ್ತ ಅಮ್ಮ ಬರೆದ ಬೆನ್ನೂ ಹೋಯಿತು, ಹೊಟ್ಟೆಯೂ ಹೋಯಿತು. ಕುಸುಮಿ ಕಣ್ಣು ಮುಚ್ಚಿಕೊಂಡಳು. "ಮುಗೀತು ಮಗಳೇ," ಅಂದ ಇದಿನಬ್ಬ ಕಾಕ. ಮೊದಲ ಸಲ ಮೆತ್ತಗೆ ಅಂದ. ಕುಸುಮಿ ಕಣ್ಣು ಬಿಟ್ಟಳು. ಬಾಗಿಲು ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಒಂದು ಕಪ್ಪು ಕಣ್ಣು. ಒಂದು ಕೆಂಪು ಕೊಕ್ಕು. ಅಷ್ಟು ಮಾತ್ರ ಅಮ್ಮನದು.

ಅಪ್ಪಯ್ಯ ಮೊಳೆ ತೆಗೆದ, ಸಾಧಮ್ಮಜ್ಜಿ ನೀರು ಸೇದಿದಳು, ಮುಕಾಂಬಕ್ಕ ನಾರು ತೊಳೆದು ಕೊಟ್ಟಳು, ಇದಿನಬ್ಬ ಕಾಕ ತುಕ್ಕು ಉಜ್ಜಿದ, ಗಾಸ್ಪರ್ ಮಾಮ ಬಣ್ಣ ಹಚ್ಚಿದ. ಮೊದಲು ಬಣ್ಣ ಹಿಡಿಯಲಿಕ್ಕೆ ಪ್ರೈಮರ್ ಹಚ್ಚಿದ. ಒಣಗಲು ಬಿಟ್ಟ. ಆಮೇಲೆ ನೀಲಿ ಬೆನ್ನು ಬರೆದ. ಹೊಟ್ಟೆ ಬರೆದ. ನೀಲಿ ರೆಕ್ಕೆ ಬರೆದ. ಬಾಲಕ್ಕೆ ಬಂದ. ಬ್ರಷ್ ನಿಂತಿತು.

"ಬಾಲ ಹೇಗಿತ್ತು? ಮೇಲಕ್ಕಾ, ಕೆಳಕ್ಕಾ?"

"ಮೇಲಕ್ಕೆ," ಅಂದ ಅಪ್ಪಯ್ಯ.

"ಕೆಳಕ್ಕೆ," ಅಂದಳು ಕುಸುಮಿ.

"ಮೇಲಕ್ಕಿರಬೇಕು," ಅಂದ ಅಪ್ಪಯ್ಯ.

"ಕೆಳಕ್ಕಿತ್ತು," ಅಂದಳು ಕುಸುಮಿ. ಆದರೆ ಅವಳಿಗೂ ಸರಿಯಾಗಿ ನೆನಪಿರಲಿಲ್ಲ. ದಿನಾ ನೋಡಿದ್ದಳು. ದಿನಾ ನೋಡಿದ್ದು ಕಣ್ಣನ್ನು. ಬಾಲವನ್ನು ಯಾರು ನೋಡುತ್ತಾರೆ?

ಗಾಸ್ಪರ್ ಮಾಮನನ್ನು ಕೇಳಿದ್ದಾಯಿತು. ಇದಿನಬ್ಬ ಕಾಕನನ್ನು ಕೇಳಿದ್ದಾಯಿತು. ಮುಕಾಂಬಕ್ಕನನ್ನು ಕೇಳಿದ್ದಾಯಿತು. ಸಾಧಮ್ಮಜ್ಜಿಯನ್ನು ಕೇಳಿದ್ದಾಯಿತು. ಅಪ್ಪಯ್ಯನನ್ನು ಕೇಳಿದ್ದಾಯಿತು. ಇದನ್ನು ಕೇಳಬೇಕಾದ್ದು ಅಮ್ಮನನ್ನು.

ಅಮ್ಮನನ್ನು ಕೇಳುವುದು ಹೇಗೆ?

ಬ್ರಷ್ಷಿನ ತುದಿಯಿಂದ ಒಂದು ನೀಲಿ ಹನಿ ನೆಲಕ್ಕೆ ಬಿತ್ತು.

"ನೀನೇ ಹೇಳು ಮಗಾ," ಅಂದ ಅಪ್ಪಯ್ಯ. "ನೀನು ಹೇಳಿದ ಹಾಗೆ ಆಗಲಿ."

ಕುಸುಮಿ ಮಿಂಚುಳ್ಳಿಯ ಕಣ್ಣು ನೋಡಿದಳು.

"ಕೆಳಕ್ಕೆ ಬರೀರಿ ಮಾಮ. ಬಾಲ ಎತ್ತಿದರೆ ಹಾರುವ ಹಕ್ಕಿ ಆಗ್ತದೆ. ಇದು ಹಾರುದು ಬೇಡ. ಕೂತಿರಲಿ."

ಗಾಸ್ಪರ್ ಮಾಮ ಬಾಲ ಬರೆದ. ಕೆಳಕ್ಕೆ ಬರೆದ.

ಬಣ್ಣ ಒಣಗಿತು. ಮಾತು ಮುಗಿಯಿತು. ಮಿಂಚುಳ್ಳಿ ಕೂತಿದೆ.